ಕಾಲು ಕೆಜಿ ಡ್ರೋನ್: ಎರಡು ವರ್ಷ ಹಾರಿಸಿದ ಮೇಲೆ ನನ್ನ ಅಭಿಪ್ರಾಯ



ಕಳೆದ ಒಂದು ತಿಂಗಳಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದ್ರು. "ಅಣ್ಣ, ನಿಮ್ಮತ್ರ ಇರೋ ಆ ಸಣ್ಣ ಡ್ರೋನ್ ನಾನೂ ತಗೊಳ್ಳಲಾ?" ಇಬ್ಬರಿಗೆ ಬಾಯಲ್ಲೇ ಉತ್ತರ ಹೇಳಿ ಕಳಿಸಿದೆ. ಮೂರನೆಯವನು ನಮ್ಮ ಹೊಲದ ಆಚೆಗಿರೋ ಹುಡುಗ. ಈರುಳ್ಳಿ ದುಡ್ಡು ಕೈಗೆ ಬರೋದು ತಡ ಆಗುತ್ತೆ ಅಂತ ಹೆಂಡತಿ ಸರ ಅಡ ಇಟ್ಟು ತರೋ ಯೋಚನೆಲಿದ್ದ. ಅಂಗಡಿಯವರು ಅವನಿಗೆ 52,000 ಹೇಳಿದ್ದಾರಂತೆ. ಇವನಿಗೆ ನಿಂತ ನಿಲುವಲ್ಲಿ ಹೇಳಿದ್ರೆ ಸಾಲಲ್ಲ ಅನ್ನಿಸ್ತು. ಅದಕ್ಕೇ ಕೂತು ಬರೀತಾ ಇದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ನನ್ನ ವಿಚಾರ. ನನಗೆ ಬಬ್ಬೂರಲ್ಲಿ ಇರೋದು 4 ಎಕರೆ 20 ಗುಂಟೆ. ಎರಡು ಎಕರೆ ಅಡಿಕೆ, ಬದುವಿನ ಸುತ್ತ ತೆಂಗು. ಉಳಿದಿದ್ರಲ್ಲಿ ಈರುಳ್ಳಿ, ಮೆಕ್ಕೆಜೋಳ, ಒಂದೊಂದು ವರ್ಷ ಶೇಂಗಾ. ಓದಿರೋದು ಎಸ್ಸೆಸ್ಸೆಲ್ಸಿ. ಡ್ರೋನ್ ನಾನು ಹುಡುಕ್ಕೊಂಡು ಹೋಗಿ ತಂದಿದ್ದಲ್ಲ. ಬೆಂಗಳೂರಲ್ಲಿರೋ ನನ್ನ ಮಗ ಸ್ನೇಹಿತನ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರು ಬ್ಯಾಟರಿ ಸಮೇತ 32,000ಕ್ಕೆ ತಗೊಂಡ. ನಾಲ್ಕು ಸಲ ಹಾರಿಸಿ ಬೇಜಾರಾಗಿ ಇಲ್ಲಿ ಬಿಟ್ಟು ಹೋದ. ಆಮೇಲೆ ನಾನೇ ಕಲಿತೆ. ಎರಡು ಮಳೆಗಾಲ, ಎರಡು ಬೇಸಿಗೆ ಹಾರಿಸಿದೀನಿ. ಕಂಪನಿ ಹೆಸರು ಬರೆಯಲ್ಲ. ಈ ತೂಕದ ಎಲ್ಲಾ ಡ್ರೋನ್‌ಗಳ ಹಣೆಬರಹ ಹೆಚ್ಚು ಕಮ್ಮಿ ಒಂದೇ.

ಯಾವ ಡ್ರೋನ್ ಬಗ್ಗೆ ಮಾತು?

ನಮ್ಮ ಕಡೆ ಡ್ರೋನ್ ಅಂದ್ರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬರುತ್ತೆ. 2023ರ ಆಗಸ್ಟ್ 20ರಂದು ನಮ್ಮ ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲಕ್ಕೆ ಬಿತ್ತಲ್ಲ, ತಪಸ್, ಅದು ಡಿಆರ್‌ಡಿಒದವರದ್ದು. ಚಳ್ಳಕೆರೆ ಕಡೆ ಇರೋ ಅವರ ಪರೀಕ್ಷಾ ಜಾಗದಿಂದ ಹಾರಿಸಿದ್ದು. ರೆಕ್ಕೆ ಉದ್ದವೇ 20 ಮೀಟರ್ ಮೇಲೆ. ಊರಿಗೆ ಊರೇ ನೋಡೋಕೆ ಹೋಗಿತ್ತು. ಆ ಫೋಟೋ ನೋಡಿದವರು ಇವತ್ತಿಗೂ ನನ್ನ ಪುಟಾಣಿಗೆ ತಪಸ್ ಅಂತಲೇ ಕರೀತಾರೆ.

ಎರಡನೇದು ಔಷಧಿ ಹೊಡೆಯೋ ಡ್ರೋನ್. ಹತ್ತು ಲೀಟರ್ ಟ್ಯಾಂಕು, ಆರು ರೆಕ್ಕೆ. ನಮೋ ಡ್ರೋನ್ ದೀದಿ ಯೋಜನೆಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಶೇ. 80, ಅಂದ್ರೆ 8 ಲಕ್ಷದವರೆಗೆ ಸಹಾಯಧನ ಕೊಡೋದು ಆ ಡ್ರೋನ್‌ಗೆ. ಅದನ್ನ ಹಾರಿಸೋಕೆ ತರಬೇತಿ, ಸರ್ಟಿಫಿಕೇಟ್ ಎಲ್ಲಾ ಬೇಕು. ನಾನು ಹೇಳ್ತಿರೋದು ಅದಲ್ಲ. ನನ್ನದು ಒಂದು ಹನಿ ಔಷಧಿನೂ ಹೊರಲ್ಲ.

ಮೂರನೇದು ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ ಬರೋ ಆಟದ ಸಾಮಾನು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ ಕ್ಯಾಮೆರಾ ಅಂತ ಬರೆದಿರ್ತಾರೆ. ಅದಕ್ಕೆ ಜಿಪಿಎಸ್ ಇರಲ್ಲ, ಕೈ ಬಿಟ್ರೆ ಗಾಳಿ ಎಳೆದ ಕಡೆ ಹೋಗುತ್ತೆ. ಮಕ್ಕಳಿಗೆ ಮನೆ ಒಳಗೆ ಆಡೋಕೆ ಸರಿ, ಹೊಲಕ್ಕೆ ತರಬೇಡಿ.

ನಾನು ಹೇಳೋದು ನಾಲ್ಕನೇದು. 250 ಗ್ರಾಂ ಒಳಗಿನ ತೂಕ, ಜಿಪಿಎಸ್ ಇದೆ, ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಗಿಂಬಲ್ ಇದೆ, ಮೊಬೈಲ್ ಸಿಗಿಸೋ ರಿಮೋಟ್ ಇದೆ. ಮಡಚಿದ್ರೆ ಅಂಗಿ ಜೇಬಿಗೆ ಹಿಡಿಸುತ್ತೆ. ಎರಡು ದಪ್ಪ ಈರುಳ್ಳಿ ತೂಕ, ಅಷ್ಟೇ.

ತೂಕದ ಲಾಭ

ಈ 250 ಗ್ರಾಂ ಲೆಕ್ಕ ಸುಮ್ಮನೆ ಬಂದಿದ್ದಲ್ಲ. ಕೇಂದ್ರ ಸರ್ಕಾರ 2021ರ ಆಗಸ್ಟ್ 25ಕ್ಕೆ ಡ್ರೋನ್ ನಿಯಮ ಹೊರಡಿಸ್ತು. ಅದರ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದರ ಮೇಲೆ 2 ಕೆಜಿವರೆಗೆ ಮೈಕ್ರೋ, ಹೀಗೆ ಮೇಲಕ್ಕೆ ಹೋಗುತ್ತೆ. ನ್ಯಾನೋ ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಅದಕ್ಕೇ ಕಂಪನಿಗಳು 249 ಗ್ರಾಂ ಅಂತ ಅಳೆದು ತೂಗಿ ಮಾಡ್ತಾವೆ.

ಆದ್ರೆ ಸರ್ಟಿಫಿಕೇಟ್ ಬೇಡ ಅಂದ್ರೆ ಎಲ್ಲಿ ಬೇಕಾದ್ರೂ ಹಾರಿಸಬಹುದು ಅಂತ ಅರ್ಥ ಅಲ್ಲ. ಆಕಾಶಕ್ಕೆ ಹಸಿರು, ಹಳದಿ, ಕೆಂಪು ಅಂತ ವಲಯ ಮಾಡಿದ್ದಾರೆ. ಹಸಿರಲ್ಲಿ 400 ಅಡಿವರೆಗೆ, ಅಂದ್ರೆ 120 ಮೀಟರ್‌ವರೆಗೆ ಅನುಮತಿ ಕೇಳೋ ಹಾಗಿಲ್ಲ. ಕೆಂಪಲ್ಲಿ ಕೇಂದ್ರದ ಅನುಮತಿ ಇಲ್ಲದೆ ಎತ್ತಂಗೇ ಇಲ್ಲ. ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ತಾಣದಲ್ಲಿ ಇದರ ನಕ್ಷೆ ಇದೆ. ನಮ್ಮ ಜಿಲ್ಲೆಲಿ ರಕ್ಷಣಾ ಇಲಾಖೆ ಪರೀಕ್ಷಾ ಜಾಗವೇ ಇರೋದ್ರಿಂದ ಚಳ್ಳಕೆರೆ ಕಡೆಯವರು ನಕ್ಷೆ ನೋಡದೆ ಹಾರಿಸೋದು ಬೇಡ. ನೋಂದಣಿ ವಿಚಾರನೂ ಕೊಳ್ಳೋ ಮುಂಚೆ ಓದ್ಕೊಳ್ಳಿ.

ಹಗುರ ಇರೋದ್ರಿಂದ ಇನ್ನೊಂದು ಅನುಕೂಲ. ಜೇಬಲ್ಲಿ ಇಟ್ಕೊಂಡು ಹೋಗಬಹುದು ಅನ್ನೋ ಕಾರಣಕ್ಕೇ ನಾನು ಅದನ್ನ ಬಳಸ್ತೀನಿ. ದೊಡ್ಡ ಪೆಟ್ಟಿಗೆ ಹೊರಬೇಕಾಗಿದ್ರೆ ಅಟ್ಟ ಸೇರಿರ್ತಿತ್ತು.

ನನಗೆ ಆದ ಉಪಯೋಗ

ಮೊದಲ ವರ್ಷ ಫೆಬ್ರವರಿಲಿ ಬೆಳಿಗ್ಗೆ ಸುಮ್ಮನೆ ಅಡಿಕೆ ತೋಟದ ಮೇಲೆ ಎತ್ತಿದೆ. ತೋಟದ ಒಳಗೆ ನಡೆದ್ರೆ ನಮಗೆ ಕಾಣೋದು ಬೊಡ್ಡೆ, ತಲೆ ಎತ್ತಿದ್ರೆ ಎರಡು ಸೋಗೆ. ಮೇಲಿಂದ ನೋಡಿದ್ರೆ ಈಶಾನ್ಯದ ಮೂಲೆಲಿ ಮೂರು ಸಾಲು ಬೇರೆ ಬಣ್ಣ. ಉಳಿದಿದ್ದು ಕಡು ಹಸಿರು, ಇದು ತಿಳಿ ಹಳದಿ, ಗೆರೆ ಎಳೆದ ಹಾಗೆ. ರೋಗ ಆಗಿದ್ರೆ ಇಷ್ಟು ನೇರವಾಗಿ ಸಾಲು ಹಿಡ್ಕೊಂಡು ಬರಲ್ಲ ಅಂತ ಅನ್ನಿಸ್ತು. ಹೋಗಿ ಡ್ರಿಪ್ ಪೈಪಿನ ಕೊನೆ ಬಿಚ್ಚಿ ನೋಡಿದ್ರೆ ಬಿಳಿ ಸುಣ್ಣ ಕಟ್ಟಿ ನೀರೇ ಹೋಗ್ತಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು, ನಿಮಗೆಲ್ಲಾ ಗೊತ್ತು. ಪೈಪು ಫ್ಲಶ್ ಮಾಡಿ, ಆಸಿಡ್ ಬಿಟ್ಟು ತೊಳೆದೆ. ಮುಚ್ಚಿಹೋದ ಡ್ರಿಪ್ಪರ್ ಬದಲಾಯಿಸಿದೆ. ಬೇಸಿಗೆ ಬಿಸಿಲು ಏರೋ ಮುಂಚೆ ಆಗಿದ್ದಕ್ಕೆ ಸುಮಾರು 60 ಗಿಡ ಉಳೀತು. ಇಲ್ಲದಿದ್ರೆ ಕಾಯಿ ಉದುರಿದಾಗ ಗೊತ್ತಾಗಿರೋದು, ಅಷ್ಟೊತ್ತಿಗೆ ತಡ.

ಎರಡನೇದು ಈರುಳ್ಳಿ. ಒಂದು ರಾತ್ರಿ ಜೋರು ಮಳೆ ಬಂದು ಬೆಳಿಗ್ಗೆ ನಿಂತಿತ್ತು. ಕಾಲಿಟ್ರೆ ಮೊಣಕಾಲವರೆಗೆ ಕೆಸರು. ಡ್ರೋನ್ ಎತ್ತಿದ್ರೆ ನೀರು ಎಲ್ಲಿ ನಿಂತಿದೆ ಅಂತ ಬಿಸಿಲಿಗೆ ಕನ್ನಡಿ ತರ ಹೊಳೀತಿತ್ತು. ನಾನು ತಗ್ಗು ಅಂತ ತಿಳ್ಕೊಂಡಿದ್ದ ಜಾಗವೇ ಬೇರೆ, ನೀರು ನಿಂತಿದ್ದೇ ಬೇರೆ. ಆಳು ಕರೆದು ಅಲ್ಲಿಂದ ನೇರ ಬಸಿಗಾಲುವೆ ತೆಗೆಸಿದೆ. ಅವತ್ತೇ ಮಧ್ಯಾಹ್ನ ನೀರು ಇಳೀತು.

ಮೂರನೇದು ಮೆಕ್ಕೆಜೋಳಕ್ಕೆ ಬೀಳೋ ಹಂದಿ. ಹಂದಿ ಬದುವಿನ ಹತ್ತಿರ ತಿನ್ನಲ್ಲ, ನಡುವೆ ಹೋಗಿ ಮಲಗಿಸಿಬಿಡುತ್ತೆ. ಹೊರಗಿಂದ ನೋಡಿದ್ರೆ ಬೆಳೆ ನಿಂತೇ ಇರುತ್ತೆ. ಮೇಲಿಂದ ನೋಡಿದ್ರೆ ನಡುವೆ ದುಂಡಗೆ ಬಿದ್ದಿರೋದು, ಅದು ಬಂದ ದಾರಿ ಎಲ್ಲಾ ಕಾಣುತ್ತೆ. ಯಾವ ಕಡೆ ಬೇಲಿ ಗಟ್ಟಿ ಮಾಡಬೇಕು ಅಂತ ಗೊತ್ತಾಯ್ತು.

ನಾಲ್ಕನೇದು ತೆಂಗು. ಮರ ಹತ್ತೋರು ಸಿಗೋದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ. ಸುಳಿ ಕೊರೆಯೋ ಕೊಂಬಿನ ದುಂಬಿ ಬಿದ್ದಿದ್ರೆ ಗರಿ ಬಿಚ್ಚಿದ ಮೇಲೆ ಕತ್ತರಿಲಿ ಕತ್ತರಿಸಿದ ಹಾಗೆ ಕಾಣುತ್ತೆ. ಮರಕ್ಕಿಂತ ಐದಾರು ಮೀಟರ್ ದೂರ ನಿಲ್ಲಿಸಿ ನೋಡಿದ್ರೆ ಯಾವ ಮರಕ್ಕೆ ಆಳು ಹತ್ತಿಸಬೇಕು ಅಂತ ಪಟ್ಟಿ ಮಾಡ್ಕೋಬಹುದು. 40 ಮರಕ್ಕೆ ಬದಲು 6 ಮರ ಹತ್ತಿಸಿದೆ.

ಅದು ಮಾಡಲಾರದ ಕೆಲಸ

ಇಷ್ಟು ಓದಿ ಅಂಗಡಿಗೆ ಓಡಬೇಡಿ. ಯೂಟ್ಯೂಬಲ್ಲಿ ಡ್ರೋನ್ ಹಾರಿಸಿದ್ರೆ ಬೆಳೆಗೆ ಏನಾಗಿದೆ ಅಂತ ಅದೇ ಹೇಳಿಬಿಡುತ್ತೆ ಅನ್ನೋ ಹಾಗೆ ತೋರಿಸ್ತಾರೆ. ನಮ್ಮ ತೂಕದ ಡ್ರೋನ್ ಹೇಳಲ್ಲ.

ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾ, 30 ಮೀಟರ್ ಎತ್ತರದಲ್ಲಿ ನಿಂತು ನೇರ ಕೆಳಗೆ ಫೋಟೋ ತೆಗೆದ್ರೆ ಸುಮಾರು 13 ಗುಂಟೆ ಒಂದೇ ಫೋಟೋದಲ್ಲಿ ಬರುತ್ತೆ. ಆ ಫೋಟೋದ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಒಂದು ಸೆಂಟಿಮೀಟರ್. 100 ಮೀಟರ್‌ಗೆ ಏರಿದ್ರೆ ಮೂರೂಮುಕ್ಕಾಲು ಎಕರೆ ಒಂದೇ ಫೋಟೋಗೆ ಬರುತ್ತೆ, ಆದ್ರೆ ಒಂದು ಚುಕ್ಕೆ ಮೂರು ಸೆಂಟಿಮೀಟರ್ ಮೇಲೆ ಆಗುತ್ತೆ. ಈರುಳ್ಳಿಗೆ ಬೀಳೋ ಥ್ರಿಪ್ಸ್ ನುಸಿ ಒಂದೆರಡು ಮಿಲಿಮೀಟರ್ ಇರುತ್ತೆ. ನೇರಳೆ ಮಚ್ಚೆ ರೋಗ ಶುರುವಾಗೋದು ಸಣ್ಣ ಚುಕ್ಕೆಯಿಂದ. ಇದೆಲ್ಲಾ ಎಲ್ಲಿ ಕಾಣಬೇಕು? ಕಾಣೋ ಅಷ್ಟು ಹತ್ತಿರ ಇಳಿಸಿದ್ರೆ ಅದರ ಗಾಳಿಗೇ ಎಲೆ ಒದ್ದಾಡುತ್ತೆ. ಅದಕ್ಕಿಂತ ಬಗ್ಗಿ ನೋಡೋದು ಸುಲಭ.

ಇನ್ನೊಂದು ವಿಚಾರ. ಆರೋಗ್ಯದ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಜಾಸ್ತಿ ವಾಪಸ್ ಕಳಿಸುತ್ತೆ, ಸೊರಗಿದ ಎಲೆ ಕಮ್ಮಿ ಕಳಿಸುತ್ತೆ. ಅದನ್ನ ಹಿಡಿಯೋ ಕ್ಯಾಮೆರಾ ಬೇರೆ, ಅದರ ಬೆಲೆ ಲಕ್ಷಗಳಲ್ಲಿ. ನಮ್ಮ ಡ್ರೋನ್ ನಮ್ಮ ಕಣ್ಣು ನೋಡೋದನ್ನೇ ಎತ್ತರದಿಂದ ನೋಡುತ್ತೆ. ಹಾಗಾಗಿ ಹಳದಿ ಕಂಡ್ರೆ ಹಳದಿ ಅಂತ ಮಾತ್ರ ಗೊತ್ತಾಗುತ್ತೆ. ನೀರಿಲ್ಲದ್ದಕ್ಕೂ ಹಳದಿ, ನೀರು ಜಾಸ್ತಿ ಆಗಿ ಬೇರು ಕೊಳೆತ್ರೂ ಹಳದಿ, ಪೋಷಕಾಂಶ ಕಮ್ಮಿಯಾದ್ರೂ ಹಳದಿ. ಹೋದ ವರ್ಷ ಇನ್ನೊಂದು ಮೂಲೆ ಹಳದಿ ಕಂಡಾಗ ನಾನು ಜಾಣ ಅಂತ ಮತ್ತೆ ಡ್ರಿಪ್ ಬಿಚ್ಚಿದೆ. ಡ್ರಿಪ್ ಸರಿ ಇತ್ತು. ಎಲೆ, ಮಣ್ಣು ತಗೊಂಡು ನಮ್ಮ ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿದ ಮೇಲೇ ಬಸಿಗಾಲುವೆ ಕಟ್ಟಿಕೊಂಡು ಬೇರಿಗೆ ತೊಂದರೆ ಆಗಿದೆ ಅಂತ ತಿಳೀತು. ಫಾರಂ ಬಾಗಿಲಲ್ಲೇ ಇಟ್ಕೊಂಡು ನಾನು ಎರಡು ವಾರ ಡ್ರೋನ್ ಫೋಟೋ ದೊಡ್ಡದು ಮಾಡಿ ಮಾಡಿ ನೋಡ್ತಾ ಕೂತಿದ್ದೆ. ದಡ್ಡತನ ನಂದೇ.

ಬೆಳೆ ಸಮೀಕ್ಷೆ ಆ್ಯಪ್‌ಗೂ ಇದು ಆಗಲ್ಲ, ಹೊಲದಲ್ಲಿ ನಿಂತು ಮೊಬೈಲಲ್ಲೇ ತೆಗೀಬೇಕು. ಬೆಳೆ ವಿಮೆಗೆ ಮಳೆ ನೀರು ನುಗ್ಗಿ ಹಾಳಾದ್ರೆ 72 ಗಂಟೆ ಒಳಗೆ ದೂರು ಕೊಡಬೇಕು ಅನ್ನೋದು ಮುಖ್ಯ. ಡ್ರೋನ್ ಫೋಟೋ ಕೈಲಿದ್ರೆ ನೋಡೋಕೆ ಬಂದವರಿಗೆ ತೋರಿಸಬಹುದು, ಆದ್ರೆ ಫೋಟೋ ತೆಗೀತಾ ಆ ಮೂರು ದಿನ ಕಳೀಬೇಡಿ.

ತೂಕದ ನಷ್ಟ: ಗಾಳಿ

ಈಗ ಅಸಲು ಮಾತಿಗೆ ಬರ್ತೀನಿ. ನಮ್ಮ ಚಿತ್ರದುರ್ಗ ಜಿಲ್ಲೆ ಗುಡ್ಡಗಳ ಮೇಲೆ ಸಾಲು ಸಾಲು ಫ್ಯಾನು ಯಾಕೆ ನಿಲ್ಲಿಸಿದ್ದಾರೆ? ಇಲ್ಲಿ ಗಾಳಿ ಇದೆ ಅಂತ. ಕರೆಂಟ್ ಕಂಪನಿಯವರು ಅಷ್ಟು ದುಡ್ಡು ಸುರಿದು ಹುಡುಕ್ಕೊಂಡು ಬಂದ ಗಾಳಿಗೆ ನಾವು ಕಾಲು ಕೆಜಿ ಸಾಮಾನು ಎತ್ತಿ ಬಿಡ್ತಾ ಇದೀವಿ. ಆಷಾಢದಲ್ಲಿ ಮನೆ ಶೀಟು ಹಾರೋ ಊರು ನಮ್ಮದು.

ಮೊದಲ ವರ್ಷ ಜುಲೈಲಿ ನನ್ನ ತಮ್ಮನ ಮಗ ಬಂದಿದ್ದ. "ದೊಡ್ಡಪ್ಪ, ಚಾನಲ್ ಕಡೆ ಬಿಟ್ಟು ನೋಡೋಣ" ಅಂದ. ಬೆಳಿಗ್ಗೆ ಹನ್ನೊಂದು ಗಂಟೆ. ನೆಲದ ಮೇಲೆ ಅಂಥ ಗಾಳಿ ಏನಿರಲಿಲ್ಲ. 60 ಮೀಟರ್ ಎತ್ತಿ ಪೂರ್ವಕ್ಕೆ ಬಿಟ್ವಿ. ಹೋಗೋವಾಗ ಬಾಣದ ತರ ಹೋಯ್ತು. ನಾವು ಖುಷಿ ಪಟ್ವಿ. ವಾಪಸ್ ತಿರುಗಿಸಿದ್ರೆ ಬರ್ತಾನೇ ಇಲ್ಲ. ಮೊಬೈಲಲ್ಲಿ ಗಾಳಿ ಜೋರು ಅಂತ ಕೆಂಪಕ್ಷರ. ಬ್ಯಾಟರಿ 60 ಇದ್ದಿದ್ದು 40, 30 ಅಂತ ಇಳೀತಾ ಇದೆ, ಡ್ರೋನ್ ನಿಂತಲ್ಲೇ ಒದ್ದಾಡ್ತಿದೆ.

ಇದರ ಲೆಕ್ಕ ಆಮೇಲೆ ಕೂತು ಹಾಕಿದೆ. ಡ್ರೋನ್ ಸೆಕೆಂಡಿಗೆ 10 ಮೀಟರ್ ಹೋಗುತ್ತೆ ಅನ್ಕೊಳ್ಳಿ. ಮೇಲೆ ಗಾಳಿ ಸೆಕೆಂಡಿಗೆ 7 ಮೀಟರ್. ಗಾಳಿ ಜೊತೆ ಹೋದ್ರೆ 10 ಕೂಡಿಸು 7, 17 ಮೀಟರ್. ಅರ್ಧ ಕಿಲೋಮೀಟರ್ 30 ಸೆಕೆಂಡಿನಲ್ಲಿ ಮುಟ್ಟುತ್ತೆ. ವಾಪಸ್ ಬರೋವಾಗ 10ರಲ್ಲಿ 7 ಕಳೆದ್ರೆ 3 ಮೀಟರ್. ಅದೇ ಅರ್ಧ ಕಿಲೋಮೀಟರ್‌ಗೆ ಮೂರು ನಿಮಿಷ ಹತ್ತಿರ ಬೇಕು. ಹೋಗಿದ್ದಕ್ಕೆ ಸುಮಾರು ಆರು ಪಟ್ಟು. ಗಾಳಿ 10 ಆದ್ರೆ ವಾಪಸ್ ಬರೋ ಮಾತೇ ಇಲ್ಲ.

ಗಾಬರಿಲಿ ನಾವು ಮನೆಗೆ ಬರೋ ಬಟನ್ ಒತ್ತಿದ್ವಿ. ಅದೇ ದೊಡ್ಡ ತಪ್ಪು. ಆ ಬಟನ್ ಒತ್ತಿದ್ರೆ ಡ್ರೋನ್ ಮೊದಲು ನಾವು ಹೊಂದಿಸಿರೋ ಎತ್ತರಕ್ಕೆ ಏರುತ್ತೆ, ಆಮೇಲೆ ಹೊರಡುತ್ತೆ. ನಾವು 80 ಮೀಟರ್ ಇಟ್ಟಿದ್ವಿ. ಎತ್ತರ ಏರಿದಷ್ಟೂ ಗಾಳಿ ಜಾಸ್ತಿ. ಹಿಂದಕ್ಕೇ ಹೋಗೋಕೆ ಶುರುವಾಯ್ತು. ಕೊನೆಗೆ ಹುಡುಗನೇ ಅದನ್ನ ರದ್ದು ಮಾಡಿ, ಕೆಳಗೆ ಮರ ಇಲ್ಲದ ಕಡೆ ನೋಡಿ 15 ಮೀಟರ್‌ಗೆ ಇಳಿಸಿದ. ಅಲ್ಲಿ ಗಾಳಿ ಕಮ್ಮಿ, ನಿಧಾನಕ್ಕೆ ಮುಂದಕ್ಕೆ ಬಂತು. ಬ್ಯಾಟರಿ ಮಾತ್ರ ಸಾಕಾಗಲಿಲ್ಲ. ಬಳ್ಳಾರಿ ಜಾಲಿ ಪೊದೆ ಒಳಗೆ ಬಿತ್ತು. ಮುಳ್ಳು ಕುಯ್ಸಿಕೊಂಡು ತೆಗೆದ್ವಿ. ಒಂದು ಕೈ ಮುರಿದಿತ್ತು, ಕ್ಯಾಮೆರಾ ಓಲಾಡ್ತಿತ್ತು. ರಿಪೇರಿಗೆ 7,500, ಬೆಂಗಳೂರಿಗೆ ಕಳಿಸಿ ಬರೋಕೆ 24 ದಿನ.

ಅವತ್ತಿಂದ ನನ್ನ ನಿಯಮ: ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಅಷ್ಟೇ. ಗಾಳಿ ಬರೋ ದಿಕ್ಕಿಗೆ ಎದುರಾಗಿ ಮೊದಲು ಹೋಗಬೇಕು, ವಾಪಸ್ ಬರೋವಾಗ ಗಾಳಿನೇ ತಳ್ಳಿಕೊಂಡು ಬರುತ್ತೆ. ತೆಂಗಿನ ಗರಿ ಒಂದೇ ಕಡೆ ಬಾಗಿದ್ರೆ ಜೇಬಿಂದ ತೆಗೆಯಲ್ಲ. ಬ್ಯಾಟರಿ 40 ಆದ ಕೂಡಲೇ ವಾಪಸ್. ಡಬ್ಬದ ಮೇಲೆ 30 ನಿಮಿಷ ಅಂತಿದೆ. ನಮ್ಮೂರಲ್ಲಿ ನೆಮ್ಮದಿಯಾಗಿ ಸಿಗೋದು 18ರಿಂದ 20 ನಿಮಿಷ. ಹೀಗೆ ಲೆಕ್ಕ ಹಾಕಿದ್ರೆ ಜೂನ್‌ನಿಂದ ಆಗಸ್ಟ್‌ವರೆಗೆ, ನಮಗೆ ಮಳೆ ಬೆಳೆ ಮೇಲೆ ಕಣ್ಣಿಡೋಕೆ ಬೇಕೇ ಬೇಕಾದ ಕಾಲದಲ್ಲಿ, ಬಹಳ ದಿನ ಅದು ಪೆಟ್ಟಿಗೆಲೇ ಇರುತ್ತೆ. ಲೈಸೆನ್ಸ್ ಬೇಡ ಅಂತ ಯಾವ ತೂಕ ನೋಡಿ ತಗೊಂಡ್ವೋ ಅದೇ ತೂಕ ಹೀಗೆ ಕೈ ಕೊಡುತ್ತೆ. ಅಂಗಡಿಲಿ ಮೊದಲನೇದು ಮಾತ್ರ ಹೇಳ್ತಾರೆ.

ಇನ್ನುಳಿದ ಕೊರತೆ

ಕಮ್ಮಿ ಬೆಲೆ ಡ್ರೋನ್‌ಗೆ ಕೆಳಗೆ ಮಾತ್ರ ಕಣ್ಣು. ಮುಂದೆ, ಪಕ್ಕಕ್ಕೆ ಏನಿದೆ ಅಂತ ಅದಕ್ಕೆ ಕಾಣಲ್ಲ. ಅಡಿಕೆ ಸೋಗೆ, ತೆಂಗಿನ ಗರಿ, ಕರೆಂಟ್ ತಂತಿ ಯಾವುದಕ್ಕೂ ತಾನಾಗಿ ನಿಲ್ಲಲ್ಲ. ಪಂಪ್‌ಸೆಟ್ ತಂತಿ ನಮ್ಮ ಕಣ್ಣಿಗೇ ಕಾಣಲ್ಲ, ಮೊಬೈಲಲ್ಲಂತೂ ಇಲ್ಲವೇ ಇಲ್ಲ. ಮನೆಗೆ ಬರೋ ಎತ್ತರ ನಿಮ್ಮ ಅತಿ ಎತ್ತರದ ತೆಂಗಿಗಿಂತ ಹತ್ತು ಮೀಟರ್ ಮೇಲಿರಲಿ, ಅದಕ್ಕಿಂತ ಜಾಸ್ತಿ ಬೇಡ. ಯಾಕೆ ಅಂತ ಮೇಲೆ ಹೇಳಿದೀನಿ.

ತೋಟದ ಒಳಗೆ, ಸೋಗೆ ಕೆಳಗೆ ಹಾರಿಸಬೇಡಿ. ಜಿಪಿಎಸ್ ಸರಿಯಾಗಿ ಹಿಡಿಯಲ್ಲ, ಹರಿದಾಡುತ್ತೆ. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಕಬ್ಬಿಣದ ಶೀಟ್ ಮೇಲೆ ಇಟ್ಟು ಎತ್ತಬೇಡಿ, ದಿಕ್ಸೂಚಿ ತಲೆ ಕೆಡುತ್ತೆ. ಬರೀ ಮಣ್ಣಿನ ಮೇಲೂ ಬೇಡ, ಧೂಳು ಎಳ್ಕೊಳ್ಳುತ್ತೆ. ನಾನು ಹಳೇ ಗೊಬ್ಬರದ ಚೀಲ ಹಾಸಿ ನಾಲ್ಕು ಮೂಲೆಗೆ ಕಲ್ಲಿಡ್ತೀನಿ.

ಹೆಜ್ಜೇನು ಕಟ್ಟಿರೋ ಮರ, ನೀರಿನ ಟ್ಯಾಂಕ್ ಹತ್ತಿರ ಬೇಡ. ಶಬ್ದಕ್ಕೆ ಜೇನು ಎದ್ರೆ ಡ್ರೋನ್ ಅಲ್ಲ, ಕೂಲಿಯವರು ಅನುಭವಿಸಬೇಕು. ಕುರಿ ಮಂದೆ ಮೇಲೆ ಬೇಡ, ಬೆದರಿ ಬೇರೆಯವರ ಹೊಲಕ್ಕೆ ನುಗ್ತಾವೆ. ಉಳುಮೆ ಹೊತ್ತಲ್ಲಿ ಹದ್ದು, ಕಾಗೆ ಜಾಸ್ತಿ ಇರ್ತಾವೆ. ಹದ್ದು ಮೇಲೆ ಬಿದ್ರೆ ಪಕ್ಕಕ್ಕೆ ಓಡಿಸಬೇಡಿ, ನೇರ ಮೇಲಕ್ಕೆ ಎತ್ತಿ.

40 ಡಿಗ್ರಿ ಮೇಲೆ ಬಿಸಿಲಲ್ಲಿ ಇದು ಕೆಲಸ ಮಾಡೋ ಸಾಮಾನಲ್ಲ. ಏಪ್ರಿಲ್ ಮಧ್ಯಾಹ್ನ ನಮ್ಮ ಬಿಸಿಲು ನಿಮಗೆ ಗೊತ್ತು. ಬ್ಯಾಟರಿ ಪೂರ್ತಿ ತುಂಬಿಸಿ ತಿಂಗಳಗಟ್ಟಲೆ ಇಡಬೇಡಿ, ಅರ್ಧ ಇಡಿ. ನಾನು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಮರೆತು ಒಂದು ಬ್ಯಾಟರಿ ಬೂರಿ ತರ ಊದಿಕೊಳ್ತು. ಊದಿದ್ದನ್ನ ಮತ್ತೆ ಹಾಕಬೇಡಿ, ಬೆಂಕಿ ಹತ್ತುತ್ತೆ.

ರಿಪೇರಿ ವಿಚಾರ. 2022ರ ಫೆಬ್ರವರಿ 9ರಿಂದ ಹೊರದೇಶದ ಸಿದ್ಧ ಡ್ರೋನ್ ಆಮದು ಮಾಡೋದಕ್ಕೆ ಕೇಂದ್ರ ಸರ್ಕಾರ ನಿಷೇಧ ಹಾಕಿದೆ. ಬಿಡಿಭಾಗಕ್ಕೆ ನಿಷೇಧ ಇಲ್ಲ. ಹಾಗಾಗಿ ಹೆಸರಾಂತ ವಿದೇಶಿ ಡ್ರೋನ್ ಹೊಸದು ಅಂತ ಯಾರಾದ್ರೂ ಕೊಟ್ರೆ ಬಿಲ್ಲು ಎಲ್ಲಿ, ವಾರಂಟಿ ಯಾರು ಕೊಡ್ತಾರೆ, ಕೆಟ್ರೆ ಎಲ್ಲಿಗೆ ತರಬೇಕು, ಈ ಮೂರು ಕೇಳಿ. ಬಾಯಿ ಮಾತಲ್ಲಿ ವಾರಂಟಿ ಅಂದ್ರೆ ಎದ್ದು ಬನ್ನಿ.

ಯಂತ್ರದ ತಪ್ಪಲ್ಲ, ನಮ್ಮ ತಪ್ಪು

ಇದನ್ನ ಬರೀಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೀತೀನಿ.

ಹೋದ ವರ್ಷ ಹಿಂದಿನ ಬೀದಿ ಅಜ್ಜಿ ಒಬ್ಬರು ಮನೆ ಹತ್ತಿರ ಬಂದ್ರು. "ಏನಪ್ಪಾ, ನಿನ್ ಗುಂಗಿಹುಳ ನಮ್ ಹಿತ್ಲು ಮ್ಯಾಲೆ ಯಾಕ್ ಬಂದಿತ್ತು? ನನ್ ಸೊಸೆ ನೀರು ಉಯ್ಕಂತಿದ್ಲು" ಅಂದ್ರು. ನಾನು ತೋಟಕ್ಕೆ ಹೋಗೋಕೆ ಮನೆಗಳ ಮೇಲೆ ಅಡ್ಡ ಹಾದಿದ್ದೆ, ಅಷ್ಟೇ. ಕ್ಯಾಮೆರಾ ಆನ್ ಇತ್ತು. ಅವರ ಬಚ್ಚಲಿಗೆ ಮೇಲ್ಛಾವಣಿ ಇಲ್ಲ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. ಅವತ್ತೇ ಅವರ ಮೊಮ್ಮಗನ ಎದುರಿಗೆ ಆ ವಿಡಿಯೋ ತೆಗೆದು, ಮೊಬೈಲಿಂದ, ಕಾರ್ಡಿಂದ ಎರಡೂ ಕಡೆ ಅಳಿಸಿದೆ. ಅಜ್ಜಿಗೆ, ಆ ಹೆಣ್ಣುಮಗಳಿಗೆ ತಪ್ಪಾಯ್ತು ಅಂತ ಹೇಳಿದೆ. ನಾನು ನೋಡಿಲ್ಲ ಅನ್ನೋದು ಸತ್ಯ. ಆದ್ರೆ ಕೆಳಗಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಮೇಲೆ ಗುಂಯ್ ಅಂತ ನಿಂತಿರೋದಕ್ಕೆ ಕಣ್ಣು ಎಲ್ಲಿ ತಿರುಗಿದೆ ಅಂತ ಕೆಳಗಿಂದ ಕಾಣಲ್ಲ. ಈಗ ನಾನು ಹೊಲದಲ್ಲೇ ಎತ್ತಿ ಹೊಲದಲ್ಲೇ ಇಳಿಸ್ತೀನಿ. ಊರ ಮೇಲೆ ಹಾರಿಸಲ್ಲ. ಜಾತ್ರೆ, ತೇರು ಅಂತ ಜನ ಸೇರಿದ ಕಡೆ ಯಾರು ಕೇಳಿದ್ರೂ ಹಾರಿಸಲ್ಲ.

ಇನ್ನೊಂದು ಬದು ಜಗಳ. ಒಬ್ಬರು ಬಂದು "ಪಕ್ಕದವನು ಎರಡಡಿ ಒತ್ತುವರಿ ಮಾಡಿದಾನೆ, ಮೇಲಿಂದ ಒಂದು ಫೋಟೋ ಹೊಡ್ಕೊಡಿ" ಅಂದ್ರು. ಆಗಲ್ಲ ಅಂದೆ. ಅವರಿಗೆ ಬೇಜಾರಾಯ್ತು. ಈ ಡ್ರೋನ್‌ನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತೆ. ಮೀಟರ್‌ಗಟ್ಟಲೆ ತಪ್ಪೋದ್ರಲ್ಲಿ ಎರಡಡಿ ಅಳೆಯೋಕಾಗುತ್ತಾ? ಫೋಟೋ ಓರೆಯಾಗಿ ತೆಗೆದ್ರೆ ಬದು ಬೇಕಾದ ಕಡೆ ಸರಿದ ಹಾಗೆ ಕಾಣುತ್ತೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯರ್ ಕರೆಸಬೇಕು, ಕಲ್ಲು ನೆಡಿಸಬೇಕು. ಊರಿನ ಮನೆ ಜಾಗಗಳನ್ನ ಸ್ವಾಮಿತ್ವದಲ್ಲಿ ಡ್ರೋನ್‌ನಿಂದಲೇ ಅಳೆದ್ರಲ್ಲ ಅಂತ ಕೇಳಿದ್ರು. ಅದು ಸರ್ವೆ ಇಲಾಖೆಯವರ ಅಳತೆ ಡ್ರೋನ್. ನೆಲದ ಮೇಲೆ ಗುರುತು ಹಾಕಿ, ಅದಕ್ಕೆ ತಾಳೆ ನೋಡಿ ಮಾಡೋದು. ನನ್ನ ಫೋಟೋ ಇಟ್ಕೊಂಡು ಇಬ್ಬರು ಕೋರ್ಟು ಹತ್ತಿದ್ರೆ ಆ ಪಾಪ ನನಗೆ ಬೇಡ.

ಹಾಗಾದ್ರೆ ತಗೋಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಮ್ಮ ತರ ಮೂರು, ನಾಲ್ಕು, ಐದು ಎಕರೆ ಇರೋರು ಒಬ್ಬೊಬ್ಬರೇ ಇದನ್ನ ಕೊಳ್ಳೋದು ದಂಡ. ಸಾಲ ಮಾಡಿ, ಒಡವೆ ಅಡ ಇಟ್ಟು ಕೊಳ್ಳೋದಂತೂ ತಪ್ಪು.

ನನ್ನ ಖರ್ಚು ನೋಡಿ. 32,000ಕ್ಕೆ ಬಂದಿದ್ದು, ರಿಪೇರಿ 7,500, ಊದಿದ ಬ್ಯಾಟರಿಗೆ ಬದಲು ಒಂದು 5,500, ರೆಕ್ಕೆ, ಕಾರ್ಡು ಅಂತ ಇನ್ನೊಂದು 1,500. ಒಟ್ಟು 46,500. ಬಂದ ಲಾಭ 60 ಅಡಿಕೆ ಗಿಡ, ಒಂದು ಈರುಳ್ಳಿ ಪಟ್ಟೆ, ಮರ ಹತ್ತಿಸೋ ಒಂದಿಷ್ಟು ಕೂಲಿ. ಗಿಡದ ಬೆಲೆ ಹಿಡಿದ್ರೆ ನಷ್ಟ ಆಗಿಲ್ಲ ಅನ್ನಬಹುದು. ಆದ್ರೆ ಒಂದು ವಿಚಾರ ನನ್ನನ್ನ ಚುಚ್ಚುತ್ತೆ. ಡ್ರಿಪ್‌ಗೆ ಸರಿಯಾದ ಫಿಲ್ಟರ್ ಹಾಕಿಸಿ, ವರ್ಷಕ್ಕೆರಡು ಸಲ ಪೈಪು ತೊಳೆದಿದ್ರೆ ಆ 60 ಗಿಡ ಹಳದಿ ಆಗ್ತಾನೇ ಇರಲಿಲ್ಲ. ಡ್ರೋನ್ ನನ್ನ ಸೋಮಾರಿತನವನ್ನ ಕಂಡುಹಿಡೀತು ಅಷ್ಟೇ.

ಅದಕ್ಕೆ ಮೊದಲು ಇವು ಆಗಿವೆಯಾ ನೋಡ್ಕೊಳ್ಳಿ: ಡ್ರಿಪ್‌ಗೆ ಫಿಲ್ಟರ್, ಮಣ್ಣು ಪರೀಕ್ಷೆ, ಬಸಿಗಾಲುವೆ, ಬದು. ಇವು ಆಗದೆ ಡ್ರೋನ್ ತಂದ್ರೆ ಮೇಲಿಂದ ನಮ್ಮ ಹುಳುಕು ನೋಡಿ ಬೇಜಾರು ಪಟ್ಕೊಳ್ಳೋದೇ ಆಗುತ್ತೆ.

ಇವೆಲ್ಲಾ ಆಗಿದ್ರೆ, ಅಕ್ಕಪಕ್ಕದ ಐದು ಜನ ಸೇರಿ ಒಂದು ತಗೊಳ್ಳಿ. 50,000 ಆದ್ರೆ ತಲೆಗೆ 10,000. ಒಂದು ಬೆಳಿಗ್ಗೆ ಎರಡು ಬ್ಯಾಟರಿಲಿ ಇಪ್ಪತ್ತು ಎಕರೆ ಆರಾಮಾಗಿ ನೋಡಬಹುದು. ಹಾರಿಸೋಕೆ ಒಬ್ಬನೇ ಇರಲಿ, ಐದು ಜನ ಹಾರಿಸಿದ್ರೆ ಬೇಗ ಮುರಿಯುತ್ತೆ, ಯಾರು ಮುರಿದ್ರು ಅಂತ ಜಗಳ ಬೇರೆ. ಮುರಿದ್ರೆ ಖರ್ಚು ಐದೂ ಜನದ್ದು ಅಂತ ಮೊದಲೇ ಮಾತಾಗಲಿ. ಫೋಟೋ ಯಾರ ಹೊಲದ್ದೋ ಅವರಿಗೆ ಮಾತ್ರ ಹೋಗಲಿ, ಗ್ರೂಪಿಗೆ ಹಾಕಬೇಡಿ. ನಿಮ್ಮ ಬೆಳೆ ಎಷ್ಟಿದೆ, ಹೇಗಿದೆ ಅಂತ ಖರೀದಿಗೆ ಬರೋನಿಗೆ ಮೊದಲೇ ಗೊತ್ತಾಗೋದು ಒಳ್ಳೇದಲ್ಲ.

ಮದುವೆ ವಿಡಿಯೋ ಮಾಡಿ ದುಡಿಯೋ ಆಸೆಗೆ ತಗೊಳ್ಳೋ ಹುಡುಗರಿಗೆ ಒಂದೇ ಮಾತು. ಅದು ಬೇರೆ ಕಸುಬು, ಕಲಿಯೋಕೆ ವರ್ಷಗಳು ಬೇಕು. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ 89 ವರ್ಷ ಆದ ಮೇಲೆ ಕೋಡಿ ಬಿದ್ದಾಗ ಮೇಲಿಂದ ತೆಗೆದ ವಿಡಿಯೋ ನಮ್ಮೆಲ್ಲರ ಮೊಬೈಲಿಗೆ ಬಂತು. ನೋಡಿ ನಮಗೂ ಕಣ್ಣು ತುಂಬಿ ಬಂತು. ಅದನ್ನ ನೋಡಿ ಡ್ರೋನ್ ತಗೊಂಡ ಇಬ್ಬರು ನನಗೆ ಗೊತ್ತು. ಇಬ್ಬರದ್ದೂ ಈಗ ಅಟ್ಟದ ಮೇಲಿದೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಸರ ಮನೇಲೇ ಇರಲಿ. ಇನ್ನೊಂದು ತಿಂಗಳು ನನ್ನದನ್ನೇ ನಿನ್ನ ಹೊಲದ ಮೇಲೆ ಹಾರಿಸೋಣ. ಪ್ರತಿ ಸಲ ಏನು ಕಂಡಿತು, ಅದು ನಡೆದು ಹೋಗಿದ್ರೂ ಕಾಣ್ತಿತ್ತಾ ಇಲ್ವಾ ಅಂತ ಒಂದು ಪುಸ್ತಕದಲ್ಲಿ ಬರಿ. ತಿಂಗಳ ಕೊನೆಗೆ ಪುಸ್ತಕ ನೋಡಿ ನೀನೇ ತೀರ್ಮಾನ ಮಾಡು. ಭಾನುವಾರ ಮೊದಲ ಸಲ ಹಾರಿಸಿದ್ವಿ. ಅವನ ಈರುಳ್ಳಿ ಪಟ್ಟೆಯ ಪಶ್ಚಿಮದ ಅಂಚಲ್ಲಿ ಬಣ್ಣ ಬೇರೆ ಕಂಡಿತು. ನಡೆದು ಹೋಗಿ ಬಗ್ಗಿ ನೋಡಿದ್ವಿ, ಎಲೆ ಸಂದಿಲಿ ನುಸಿ. ಪುಸ್ತಕದಲ್ಲಿ ಅವನು ಬರೆದಿದ್ದು "ಮೇಲಿಂದ ಜಾಗ ಕಂಡಿತು, ನುಸಿ ಕಂಡಿದ್ದು ಕೆಳಗೆ".

ಬೇರೆ ಯಾರಿಗಾದ್ರೂ ನೋಡಬೇಕು ಅನ್ನಿಸಿದ್ರೆ ಹಿಂದಿನ ದಿನ ಫೋನ್ ಮಾಡಿ ಬನ್ನಿ. ಬೆಳಿಗ್ಗೆ ಏಳು ಗಂಟೆ ಒಳಗೆ ಹೊಲದಲ್ಲಿರಬೇಕು. ಗಾಳಿ ಇದ್ರೆ ಹಾರಿಸಲ್ಲ, ಕಾಫಿ ಕುಡ್ಕೊಂಡು ಹೋಗಬಹುದು. ನಾನು ಬರೆದಿದ್ರಲ್ಲಿ ತಪ್ಪಿದ್ರೆ ಕೆಳಗೆ ತಿಳಿಸಿ, ತಿದ್ದುಕೊಳ್ತೀನಿ. ಹಾರಿಸಿ ಅನುಭವ ಇರೋರು ನಿಮ್ಮ ಖರ್ಚಿನ ಲೆಕ್ಕನೂ ಬರೀರಿ, ಕೊಳ್ಳೋ ಹುಡುಗರಿಗೆ ಅನುಕೂಲ ಆಗುತ್ತೆ.